ಮುರಿದ ಪಿನ್ನು

ಹೋದ ರವಿವಾರ ಮೊಮ್ಮಗನನ್ನು ಕರೆದುಕೊಂಡು ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ವೆ ಮ್ಯೂಸಿಯಮ್ಮಿಗೆ ಹೋಗಿದ್ದೆ. 2020ರಲ್ಲಿ ಶುರುವಾದದ್ದು, ನೋಡದವರು ನೋಡಿ ಬನ್ನಿ. ಹಳೆಯ ಉಗಿ ಎಂಜಿನ್ನಿನ ಗಾಲಿಗಳ ಮುಂದೆ ನಿಂತು ಅವನು ಕೇಳಿದ: "ಅಜ್ಜಾ, ಇದರಾಗಿನ ಪಿನ್ನು ಒಳಗs ಮುರಿದರ ಹೆಂಗ ತಗೀತಾರ?"

ನಾನು ಬಿಕಾಂ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾದವ. ನನ್ನ ಕೈಗೆ ಗೊತ್ತಿದ್ದದ್ದು ಗುಂಡುಪಿನ್ನು ಮಾತ್ರ! ಆದರೆ ನಮ್ಮಪ್ಪ ಇಲ್ಲಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ. 1885ರಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಶುರು ಮಾಡಿದ ಕಾರ್ಖಾನೆ ಅದು. ಅದರ ಭೋಂಗಾ ಕೇಳಿಯೇ ನಮ್ಮ ಓಣಿಯವರು ಗಡಿಯಾರ ತಿದ್ದಿಕೊಳ್ಳುತ್ತಿದ್ದರು. ಹಾಗಾಗಿ ಮೊಮ್ಮಗನ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿತ್ತು.

ನಾನು ಕಾಲೇಜಿನಲ್ಲಿದ್ದಾಗ ಕಲಘಟಗಿ ಕಡೆ ನಮ್ಮ ಸೋದರಮಾವನ ಊರಿನಲ್ಲಿ ಕಬ್ಬಿನ ಗಾಣ ನಿಂತುಬಿಟ್ಟಿತು. ದೊಡ್ಡ ಹಲ್ಲುಗಾಲಿಯನ್ನೂ ಅದರ ದಂಡವನ್ನೂ ಕೂಡಿಸಿ ಅಡ್ಡಲಾಗಿ ಹೊಡೆದಿದ್ದ ಬೆರಳು ಗಾತ್ರದ ಪಿನ್ನು ಒಳಗೇ ತುಂಡಾಗಿತ್ತು. ಕಡಿದ ಕಬ್ಬು ಅಂಗಳದಲ್ಲಿ ರಾಶಿ ಬಿದ್ದಿತ್ತು. ಕಡಿದ ಕಬ್ಬನ್ನು ಬೇಗ ಅರೆಯದಿದ್ದರೆ ಸಿಹಿ ಇಳಿಯುತ್ತದೆ, ಹುಳಿ ಏರುತ್ತದೆ, ಬೆಲ್ಲ ಗಟ್ಟಿಯಾಗುವುದಿಲ್ಲ. ಸೊಸೈಟಿ ಸಾಲದ ಕಂತು ಆ ಬೆಲ್ಲದ ಮೇಲೇ ನಿಂತಿತ್ತು.

ಅಪ್ಪ ಮತ್ತು ನಾನು ಮುಟ್ಟುವಷ್ಟರಲ್ಲಿ ಮಾವ ಅರ್ಧ ದಿನ ಸುತ್ತಿಗೆಯಿಂದ ಬಡಿದಿದ್ದ. ಪಿನ್ನಿನ ತಲೆ ಅಣಬೆಯ ಹಾಗೆ ಅರಳಿತ್ತು. ಅಪ್ಪ ಸುತ್ತಿಗೆ ಮುಟ್ಟಲಿಲ್ಲ. ಎರಡೂ ಬದಿಯ ತೂತುಗಳನ್ನು ಚಿಂದಿಯಿಂದ ಒರೆಸಿ ಅಳೆದು ನೋಡಿದ. "ಇದು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇರೋ ಪಿನ್ನು. ನೀ ದಪ್ಪ ಕಡೆಯಿಂದ ಹೊಡದೀಯೋ ಮಾರಾಯ! ಹೊಡದಷ್ಟೂ ಬಿಗೀತದ" ಅಂದ. ಮಾವನ ಮುಖ ನೋಡಬೇಕಿತ್ತು.

ಪಿನ್ನು ತುಂಡಾದ ಮೇಲೆ ಗಾಲಿ ದಂಡದ ಮೇಲೆ ತಿರುಗಿ ಹೋಗಿತ್ತು. ಗಾಲಿಯ ತೂತಿಗೂ ದಂಡದ ತೂತಿಗೂ ಹೊಂದಿಕೆಯೇ ಇರಲಿಲ್ಲ. ಹಾಗಿರುವಾಗ ಹೊಡೆದರೆ ತುಂಡು ಹೋಗುವುದೆಲ್ಲಿಗೆ? ಅಪ್ಪ ಗಾಲಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಸುತ್ತಾ ತೂತುಗಳನ್ನು ಒಂದೇ ಸಾಲಿಗೆ ತಂದು ಸುಣ್ಣದ ಗೆರೆ ಎಳೆದ. ಅರಳಿದ ತಲೆಯನ್ನು ಅರದಿಂದ ತಿಕ್ಕಿ ಸಮ ಮಾಡಿದ. ಸೀಮೆಎಣ್ಣೆಗೆ ತುಸು ಎಂಜಿನ್ ಎಣ್ಣೆ ಬೆರೆಸಿ ಸುರಿದು, ಮೆಲ್ಲಗೆ ನಾಕಾರು ಸಲ ತಟ್ಟಿ, "ಇನ್ನ ಮಲಗ್ರಿ" ಅಂದ. ತಟ್ಟಿದರೆ ತುಕ್ಕಿನ ಸಂದಿಯಲ್ಲಿ ಎಣ್ಣೆ ಇಳಿಯುತ್ತದೆ. ಮಾವ ಮಲಗಲಿಲ್ಲ, ಕಬ್ಬಿನ ರಾಶಿ ಸುತ್ತುತ್ತಲೇ ಇದ್ದ.

ಬೆಳಿಗ್ಗೆ ಎಣ್ಣೆಯನ್ನೆಲ್ಲ ಚೆನ್ನಾಗಿ ಒರೆಸಿ, ಬ್ಲೋಲ್ಯಾಂಪ್ ಹಿಡಿದು ಕಾಯಿಸಿದ್ದು ಪಿನ್ನನ್ನಲ್ಲ, ಸುತ್ತಲಿನ ಗಾಲಿಯ ಗುಂಬವನ್ನು. ಹೊರಗಿನ ಕಬ್ಬಿಣ ಹಿಗ್ಗಿದರೆ ತೂತು ದೊಡ್ಡದಾಗುತ್ತದೆ. ಎರಕದ ಕಬ್ಬಿಣ ನೋಡಿ, ಅವಸರದಲ್ಲಿ ಕಾಯಿಸಬಾರದು. ಕಾದ ಮೇಲೆ ನೀರು ಹಾಕಿದರೆ ಸೀಳುತ್ತದೆ. ನಾನು ಎದುರು ಬದಿಯಲ್ಲಿ ದೊಡ್ಡ ಸುತ್ತಿಗೆಯನ್ನು ಗುಂಬಕ್ಕೆ ಒತ್ತಿ ಹಿಡಿಯಬೇಕಿತ್ತು. ಆಸರೆ ಇಲ್ಲದಿದ್ದರೆ ಪೆಟ್ಟೆಲ್ಲ ಗಾಲಿಯ ಅದುರಿಗೇ ಹೋಗುತ್ತದೆ. ಚೂರು ಸಿಡಿದೀತೆಂದು ಅಪ್ಪ ಕನ್ನಡಕ ಹಾಕಿಕೊಂಡು ಹುಡುಗರನ್ನು ದೂರ ಕಳಿಸಿದ. ಪಿನ್ನಿಗಿಂತ ತೆಳುವಾದ ಗಿಡ್ಡ ಉಳಿಯನ್ನು ಸಣ್ಣ ತುದಿಗೆ ಇಟ್ಟು ಬಲವಾಗಿ ಒಂದು ಪೆಟ್ಟು. ಏನೂ ಇಲ್ಲ. ಇನ್ನೊಂದು. ಮೂರನೆಯದಕ್ಕೆ ಸದ್ದೇ ಬದಲಾಯಿತು. ಠಣ್ ಅನ್ನುತ್ತಿದ್ದದ್ದು ದಪ್ ಅಂದಿತು. ನಾಕನೆಯದಕ್ಕೆ ಮೂರೂ ತುಂಡುಗಳು ಒಂದರ ಹಿಂದೊಂದು ಹೊರಬಂದವು. ಬರದಿದ್ದರೆ ನಡುವೆ ಡ್ರಿಲ್ ಹಾಕಿ ಕೊರೆಯಬೇಕಿತ್ತು, ಅದಕ್ಕೆ ಇನ್ನೊಂದು ದಿನ ಬೇಕು.

ಮಾವ ಓಡಿಹೋಗಿ ಗಟ್ಟಿ ಉಕ್ಕಿನ ಸಲಾಕೆ ತಂದ. "ಇದನ್ನ ಹಾಕು, ಜನ್ಮಕ್ಕೂ ಮುರಿಯೂದಿಲ್ಲ!"

ಅಪ್ಪ ಅದನ್ನು ಬದಿಗಿಟ್ಟು ಮೆತ್ತನೆಯ ಕಬ್ಬಿಣವನ್ನೇ ಅರದಿಂದ ತಿಕ್ಕಿ ಹೊಸ ಪಿನ್ನು ಮಾಡಿದ. "ಕಬ್ಬಿನಾಗ ಕಲ್ಲು ಸಿಕ್ಕರ ಏನಾರ ಒಂದು ಮುರೀಲೇಬೇಕು. ಪಿನ್ನು ಮುರಿದರ ನಾಕಾಣೆ. ಗಾಲಿ ಹಲ್ಲು ಮುರಿದರ ಎತ್ತು ಮಾರಬೇಕು."

ಮಧ್ಯಾಹ್ನದ ಹೊತ್ತಿಗೆ ಗಾಣ ತಿರುಗಿತು. ಅಡಿಯಲ್ಲಿದ್ದ ಒಂದಿಷ್ಟು ಕಬ್ಬು ಹುಳಿಯಾಗಿತ್ತು, ಅದನ್ನು ಎಮ್ಮೆಗೆ ಹಾಕಿದರು. ಮಿಕ್ಕದ್ದು ಬೆಲ್ಲವಾಯಿತು, ಕಂತೂ ಕಟ್ಟಿದರು.

ಮುಂದಿನ ವರ್ಷ ಆ ಪಿನ್ನೂ ಮುರಿಯಿತು. ಮಾವ ತಾನೇ ಸಣ್ಣ ತುದಿ ಹುಡುಕಿ ತೆಗೆದು, ತುಂಡುಗಳನ್ನು ಬೆಲ್ಲದ ಚೀಲದಲ್ಲಿ ಹುಬ್ಬಳ್ಳಿಗೆ ಕಳಿಸಿದ್ದ. ಒಂದು ತುಂಡು ನಾನು ನಿವೃತ್ತನಾಗುವವರೆಗೂ ಬ್ಯಾಂಕಿನ ಕೌಂಟರಿನಲ್ಲಿ ವೋಚರುಗಳ ಮೇಲಿತ್ತು. ರವಿವಾರದಿಂದ ಅದು ಮೊಮ್ಮಗನ ಕಂಪಾಸ್ ಪೆಟ್ಟಿಗೆಯಲ್ಲಿದೆ.