ಯಂತ್ರದಾನಕ್ಕೂ ಬಿತ್ತುವಟ ಬೇಕು

ಅಕ್ಟೋಬರ್ ತಿಂಗಳು ಬಂದಿತೆಂದರೆ ನಮ್ಮ ಊರುಗಳಲ್ಲಿ ಸ್ತನ ಕ್ಯಾನ್ಸರಿನ ಬಗ್ಗೆ ಭಾಷಣಗಳೂ ನಡಿಗೆಗಳೂ ಏರ್ಪಡುತ್ತವೆ. ರೋಟರಿ, ಲಯನ್ಸ್ ಮುಂತಾದ ಸಂಸ್ಥೆಗಳೂ ಮಹಿಳಾ ಸಮಾಜಗಳೂ ಚಂದಾ ಎತ್ತಿ ಊರಿನ ಆಸ್ಪತ್ರೆಗೆ ಮ್ಯಾಮೋಗ್ರಾಫಿ ಯಂತ್ರವನ್ನೋ ಅಲ್ಟ್ರಾಸೌಂಡ್ ಉಪಕರಣವನ್ನೋ ಕೊಡಿಸುವುದುಂಟು. ಎಲ್ಲವನ್ನೂ ಸರ್ಕಾರವೇ ಮಾಡಲೆಂದು ಕೈಕಟ್ಟಿ ಕೂರದೆ ಊರಿನವರೇ ಮುಂದೆ ಬರುವುದು ಶ್ಲಾಘನೀಯವಾದುದು. ಆದರೆ ಯಂತ್ರವನ್ನು ಒಪ್ಪಿಸಿದ ದಿನವೇ ದಾನವು ಪೂರ್ತಿಯಾಯಿತೆ? ಇಲ್ಲವೆಂಬುದೇ ನಮ್ಮ ಅಭಿಪ್ರಾಯ.

ಕೆರೆ ಕಟ್ಟಿಸುವುದನ್ನು ಮಹಾಪುಣ್ಯವೆಂದು ಎಣಿಸಿದ ನಾಡು ನಮ್ಮದು. ಹಾಗೆ ಕಟ್ಟಿಸಿದವರು ಏರಿಯನ್ನು ಹಾಕಿಸಿ ತೂಬನ್ನು ಇಡಿಸಿದಲ್ಲಿಗೇ ಕೈ ತೊಳೆದುಕೊಳ್ಳಲಿಲ್ಲ. ಹೂಳನ್ನು ತೆಗೆಯುವುದಕ್ಕೂ ಏರಿಯನ್ನು ದುರಸ್ತಿಪಡಿಸುವುದಕ್ಕೂ ವರ್ಷವರ್ಷವೂ ವೆಚ್ಚ ಬೀಳುವುದೆಂದು ತಿಳಿದು, ಅದಕ್ಕಾಗಿ ಭೂಮಿಯನ್ನೋ ಬೆಳೆಯ ಒಂದು ಪಾಲನ್ನೋ ಬಿಟ್ಟುಕೊಟ್ಟರು. ಇದಕ್ಕೆ ಶಾಸನಗಳಲ್ಲಿ ಬಿತ್ತುವಟವೆಂದು ಹೆಸರು. ಹೂಳು ತುಂಬಿದ ಕೆರೆ ಕೆರೆಯಲ್ಲವೆಂಬ ವಿವೇಕ ಆ ದಾನಿಗಳಿಗಿತ್ತು. ಅದೇ ವಿವೇಕವನ್ನು ನಾವು ಆಸ್ಪತ್ರೆಯ ಉಪಕರಣಗಳ ವಿಷಯದಲ್ಲಿಯೂ ತೋರಿಸಬೇಕಾಗಿದೆ.

ರೋಗದ ವ್ಯಾಪ್ತಿ ಸಾಮಾನ್ಯವಾದುದಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯ ಅಂದಾಜಿನಂತೆ ೨೦೨೨ರಲ್ಲಿ ಭಾರತದ ಸುಮಾರು ೧,೯೨,೦೦೦ ಸ್ತ್ರೀಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಕಂಡುಬಂದಿತು. ಸುಮಾರು ೯೮,೦೦೦ ಮಂದಿ ಅದರಿಂದ ಮೃತರಾದರು. ಇಡೀ ಜಗತ್ತಿನಲ್ಲಿ ಅದೇ ವರ್ಷ ಹೊಸ ರೋಗಿಗಳು ಸುಮಾರು ೨೩ ಲಕ್ಷ, ಮೃತರು ೬,೭೦,೦೦೦. ಎಂದರೆ, ಜಗತ್ತಿನಲ್ಲಿ ನೂರು ಹೊಸ ರೋಗಿಗಳಿಗೆ ೨೯ ಮರಣಗಳಾದರೆ ನಮ್ಮಲ್ಲಿ ೫೧. ಒಂದೇ ವರ್ಷದ ಈ ಸಂಖ್ಯೆಗಳು ಯಾವೊಬ್ಬ ರೋಗಿಯ ಭವಿಷ್ಯವನ್ನೂ ಹೇಳಲಾರವು. ಆದರೂ ನಮ್ಮಲ್ಲಿ ರೋಗವು ತಡವಾಗಿ ಪತ್ತೆಯಾಗುತ್ತಿದೆ, ಚಿಕಿತ್ಸೆ ಅನೇಕ ವೇಳೆ ಅರ್ಧಕ್ಕೇ ನಿಲ್ಲುತ್ತಿದೆ ಎಂಬುದನ್ನು ಸೂಚಿಸಲು ಅವು ಸಾಕು.

ಮ್ಯಾಮೋಗ್ರಾಫಿ ಯಂತ್ರವು ಸ್ತನವನ್ನು ಎರಡು ಫಲಕಗಳ ನಡುವೆ ಒತ್ತಿ, ಅಲ್ಪ ಪ್ರಮಾಣದ ಕ್ಷ-ಕಿರಣಗಳನ್ನು ಹಾಯಿಸಿ ಚಿತ್ರ ತೆಗೆಯುತ್ತದೆ. ಬೆರಳಿಗೆ ಸಿಗದಷ್ಟು ಸಣ್ಣ ಗಂಟನ್ನೂ ಉಪ್ಪಿನ ಕಣದಂತಹ ಸುಣ್ಣದ ಚುಕ್ಕೆಗಳನ್ನೂ ಅದು ತೋರಿಸಬಲ್ಲುದು. ಆದರೆ ಈ ಶಕ್ತಿಗೆ ಮಿತಿಯೂ ಉಂಟು. ಚಿತ್ರದಲ್ಲಿ ಕೊಬ್ಬು ಕಪ್ಪಾಗಿ ಕಾಣುತ್ತದೆ. ಗ್ರಂಥಿಯ ಅಂಗಾಂಶವೂ ಗಂಟೂ ಎರಡೂ ಬೆಳ್ಳಗೆ ಕಾಣುತ್ತವೆ. ಆದುದರಿಂದ ಗ್ರಂಥಿಗಳು ದಟ್ಟವಾಗಿರುವ ಕಿರಿಯ ವಯಸ್ಸಿನ ಸ್ತ್ರೀಯರಲ್ಲಿ, ಮಂಜಿನಲ್ಲಿ ನಿಂತ ಬಿಳಿಯ ಹಸುವಿನಂತೆ, ಗಂಟು ಕಣ್ಣಿಗೆ ಬೀಳದೆ ಹೋಗಬಹುದು. ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಕಿರಿಯ ವಯಸ್ಸಿನಲ್ಲಿಯೇ ಈ ರೋಗ ಕಾಣಿಸಿಕೊಳ್ಳುವ ನಮ್ಮ ದೇಶದಲ್ಲಿ ಇದನ್ನು ಮರೆಯುವಂತಿಲ್ಲ.

ಇನ್ನು, ಚಿತ್ರದಲ್ಲಿ ಕಂಡ ಶಂಕಾಸ್ಪದವಾದ ಗುರುತೆಲ್ಲವೂ ಕ್ಯಾನ್ಸರಲ್ಲ. ಅದನ್ನು ನಿರ್ಧರಿಸಲು ನುರಿತ ವೈದ್ಯರು ಚಿತ್ರವನ್ನು ಓದಬೇಕು. ಅಲ್ಟ್ರಾಸೌಂಡ್ ಪರೀಕ್ಷೆ ಆಗಬೇಕು. ಸೂಜಿಯಿಂದ ಗಂಟಿನ ಎಳೆಯನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕ್ಯಾನ್ಸರೆಂದು ತಿಳಿದ ಮೇಲೆ ಅದು ಯಾವ ಹಾರ್ಮೋನುಗಳಿಗೆ ಸ್ಪಂದಿಸುವ ಜಾತಿಯದೆಂದು ಗುರುತಿಸಬೇಕು. ಅದಕ್ಕೆ ತಕ್ಕಂತೆ ಶಸ್ತ್ರಕ್ರಿಯೆ, ಔಷಧ, ವಿಕಿರಣ ಚಿಕಿತ್ಸೆಗಳು ನಡೆಯಬೇಕು. ಈ ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೂ ಯಂತ್ರವು ಕೊಟ್ಟ ಎಚ್ಚರಿಕೆ ಬರಿಯ ಭಯವಾಗಿ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯ ಮೂರು ಗುರಿಗಳನ್ನು ನೋಡಿರಿ: ನೂರಕ್ಕೆ ಅರುವತ್ತಕ್ಕೂ ಹೆಚ್ಚು ರೋಗಿಗಳು ರೋಗದ ಮೊದಲೆರಡು ಹಂತಗಳಲ್ಲಿಯೇ ಪತ್ತೆಯಾಗಬೇಕು, ರೋಗಿ ಮೊದಲು ವೈದ್ಯರನ್ನು ಕಂಡ ೬೦ ದಿನಗಳೊಳಗೆ ರೋಗನಿರ್ಣಯ ಮುಗಿಯಬೇಕು, ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಚಿಕಿತ್ಸೆಯನ್ನು ಪೂರೈಸಬೇಕು. ಮೂರರಲ್ಲಿ ಒಂದೂ ಯಂತ್ರಗಳ ಸಂಖ್ಯೆಯನ್ನು ಕುರಿತದ್ದಲ್ಲ.

ಊರವರ ದಾನವು ಹಿಡಿದ ಕೆಲಸವನ್ನು ಬಿಡದಿದ್ದರೆ ಏನಾಗಬಲ್ಲುದೆಂಬುದಕ್ಕೆ ಚೆನ್ನೈ ನಗರದ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆ ಸಾಕ್ಷಿ. ತಮ್ಮ ಸೋದರಿ ಕ್ಯಾನ್ಸರಿಗೆ ಬಲಿಯಾದುದನ್ನು ಕಂಡಿದ್ದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರೂ ಭಾರತೀಯ ಮಹಿಳಾ ಸಂಘದವರೂ ಹಣ ಕೂಡಿಸಿ, ೧೯೫೪ರಲ್ಲಿ ಹನ್ನೆರಡು ಹಾಸಿಗೆಗಳ ಸಣ್ಣ ಆಸ್ಪತ್ರೆಯಾಗಿ ಅದನ್ನು ಆರಂಭಿಸಿದರು. ೧೯೫೫ರಲ್ಲಿ ಅಲ್ಲಿಗೆ ಬಂದ ಡಾ. ವಿ. ಶಾಂತಾ ಅವರು ೨೦೨೧ರಲ್ಲಿ ತೀರಿಕೊಳ್ಳುವವರೆಗೂ ಅದರೊಡನೆಯೇ ಇದ್ದರು. ೧೯೫೦ರ ದಶಕದ ಉತ್ತರಾರ್ಧದಲ್ಲಿ ಈ ಸಂಸ್ಥೆಗೆ ಕೆನಡಾದಿಂದ ಕೋಬಾಲ್ಟ್ ವಿಕಿರಣ ಯಂತ್ರವೊಂದು ದಾನವಾಗಿ ಬಂದಿತು. ಸ್ತನ ಕ್ಯಾನ್ಸರಿನ ಶಸ್ತ್ರಕ್ರಿಯೆಯ ತರುವಾಯ ಉಳಿದಿರಬಹುದಾದ ಕಣಗಳನ್ನು ನಾಶಮಾಡಲು ಇಂತಹ ಯಂತ್ರಗಳನ್ನು ಬಳಸುತ್ತಾರೆ. ಆದರೆ ಕೋಬಾಲ್ಟ್-೬೦ರ ವಿಕಿರಣಶಕ್ತಿ ಸುಮಾರು ಐದೂಕಾಲು ವರ್ಷಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಮೊದಲು ಎರಡು ನಿಮಿಷ ಹಿಡಿಯುತ್ತಿದ್ದ ಚಿಕಿತ್ಸೆಗೆ ಆಗ ನಾಲ್ಕು ನಿಮಿಷ ಬೇಕು. ಮತ್ತೆ ಅಷ್ಟೇ ಕಾಲ ಕಳೆದರೆ ಎಂಟು ನಿಮಿಷ. ಹೊಸ ಕೋಬಾಲ್ಟನ್ನು ತುಂಬಿಸುವವರಿಲ್ಲದಿದ್ದರೆ ದಾನವು ಪ್ರಕೃತಿಯ ನಿಯಮದಂತೆಯೇ ಕ್ಷಯಿಸುತ್ತದೆ. ಇತರ ಯಂತ್ರಗಳಲ್ಲಿ ಈ ಕ್ಷಯ ಇಷ್ಟು ಲೆಕ್ಕಾಚಾರವಾಗಿ ನಡೆಯುವುದಿಲ್ಲ, ಅಷ್ಟೆ. ಕ್ಷ-ಕಿರಣದ ಕೊಳವೆ ಸವೆಯುತ್ತದೆ, ಬಿಡಿಭಾಗ ದೊರೆಯದೆ ಹೋಗುತ್ತದೆ, ತರಬೇತಾದ ತಂತ್ರಜ್ಞೆ ಬೇರೆ ಊರಿಗೆ ಹೋಗುತ್ತಾಳೆ.

ಮಾನವಶ್ರಮಕ್ಕೆ ಹಾಕಿದ ಹಣ ವ್ಯರ್ಥವಲ್ಲವೆಂಬುದಕ್ಕೂ ಪುರಾವೆಯುಂಟು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ೧೯೯೮ರಲ್ಲಿ ಆ ನಗರದ ಕೊಳೆಗೇರಿಗಳಲ್ಲಿ ೩೫ರಿಂದ ೬೪ ವಯಸ್ಸಿನ ಒಂದೂವರೆ ಲಕ್ಷ ಸ್ತ್ರೀಯರನ್ನು ಸೇರಿಸಿಕೊಂಡು ಪ್ರಯೋಗವೊಂದನ್ನು ಆರಂಭಿಸಿದರು. ಅವರಲ್ಲಿ ಅರ್ಧದಷ್ಟು ಮಂದಿಯನ್ನು ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಗಳಿಗೊಮ್ಮೆ ಕೈಯಿಂದಲೇ ಪರೀಕ್ಷಿಸಿದರು. ಇಪ್ಪತ್ತು ವರ್ಷಗಳ ಫಲಿತಾಂಶ ೨೦೨೧ರಲ್ಲಿ ಪ್ರಕಟವಾಯಿತು. ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಮರಣಗಳು ನೂರಕ್ಕೆ ಸುಮಾರು ಮೂವತ್ತರಷ್ಟು ಕಡಿಮೆಯಾಗಿದ್ದವು. ಐವತ್ತರೊಳಗಿನವರಲ್ಲಿ ಅಂತಹ ಲಾಭ ಸ್ಪಷ್ಟಪಡಲಿಲ್ಲವೆಂಬುದನ್ನೂ ಹೇಳತಕ್ಕದ್ದೇ. ಆದರೂ, ತಿಳಿದ ಬೆರಳುಗಳೂ ಒಂದು ಉಪಕರಣವೇ ಎಂಬುದು ಇದರಿಂದ ಸಿದ್ಧವಾಯಿತು.

ಹಾಗಾದರೆ ಯಂತ್ರವನ್ನೇ ಕೊಡಬಾರದೆ? ಅವಶ್ಯವಾಗಿ ಕೊಡಬೇಕು, ಆದರೆ ಕೊಡುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಚಿತ್ರವನ್ನು ಓದುವವರು ಯಾರು? ಎಷ್ಟು ದಿನಗಳಲ್ಲಿ ಓದುವರು? ಸೂಜಿಪರೀಕ್ಷೆ ಅದೇ ಊರಿನಲ್ಲಿ ಆಗುವುದೆ? ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯನ್ನು ಪಡೆದು ಯಂತ್ರ ನಡೆಸುವ ಹೊಣೆ ಯಾರದು? ಶಂಕೆಯೆಂದು ಹೇಳಿಸಿಕೊಂಡ ಸ್ತ್ರೀ ಮರಳಿ ಬಾರದಿದ್ದರೆ ಅವಳನ್ನು ಹುಡುಕಿಕೊಂಡು ಹೋಗುವವರು ಯಾರು? ಇವುಗಳಿಗೆ ಉತ್ತರವಿಲ್ಲದ ಊರಿನಲ್ಲಿ, ಸೂಜಿಪರೀಕ್ಷೆಯ ಸಲಕರಣೆಗಳನ್ನೋ ದಾದಿಯೊಬ್ಬಳ ಸಂಬಳವನ್ನೋ ರೋಗಿಗಳ ಬಸ್ ಖರ್ಚನ್ನೋ ಕೊಡುವುದು ಯಂತ್ರಕ್ಕಿಂತ ಹೆಚ್ಚಿನ ದಾನವಾದೀತು. ಉತ್ತರವಿರುವ ಊರಿನಲ್ಲಿ ಯಂತ್ರದ ಬೆಲೆಯೊಡನೆ ಇನ್ನೊಂದು ಮೊತ್ತವನ್ನೂ ಕೂಡಿಸಿ ಇಡುಗಂಟಾಗಿ ಇಟ್ಟು, ಅದರ ಬಡ್ಡಿಯಿಂದ ದುರಸ್ತಿಯ ಕರಾರೂ ತಂತ್ರಜ್ಞೆಯ ತರಬೇತಿಯೂ ನಡೆಯುವಂತೆ ಮಾಡಬೇಕು.

ಸಂಬಳದ ಮೇಲೆ ದಾನಿಯ ಹೆಸರನ್ನು ಕೆತ್ತಿಸಲಾಗದು, ಯಂತ್ರದ ಮೇಲಾದರೆ ಕೆತ್ತಿಸಬಹುದು ಎಂದು ಕೆಲವರು ಹೇಳುವರು. ಮಾತು ಸುಳ್ಳಲ್ಲ. ಚಂದಾ ಕೊಟ್ಟವರಿಗೆ ಕಣ್ಣಿಗೆ ಕಾಣುವ ವಸ್ತುವನ್ನು ತೋರಿಸಬೇಕಾದ ಕಷ್ಟ ಸಂಸ್ಥೆಗಳಿಗೆ ಇದ್ದೇ ಇದೆ. ಆದರೆ ಕೆರೆಯನ್ನು ಕಟ್ಟಿಸಿದವರು ಬಿತ್ತುವಟವನ್ನೂ ಅದೇ ಕಲ್ಲಿನಲ್ಲಿ ಬರೆಸಿದರಷ್ಟೆ. ಆಸ್ಪತ್ರೆಯ ಗೋಡೆಯ ಫಲಕದಲ್ಲಿಯೂ ‘ಈ ಯಂತ್ರವನ್ನು ಇಂತಹವರು ಕೊಟ್ಟರು, ಹತ್ತು ವರ್ಷ ಅದನ್ನು ನಡೆಸುವ ವೆಚ್ಚವನ್ನೂ ಅವರೇ ಕೊಟ್ಟರು’ ಎಂದು ಬರೆಸುವುದಕ್ಕೆ ಅಡ್ಡಿಯೇನು? ಕೊಟ್ಟ ಯಂತ್ರವೆಷ್ಟೆಂಬುದರ ಬದಲು, ಯಂತ್ರವು ಗುರುತಿಸಿದ ಸ್ತ್ರೀಯರಲ್ಲಿ ಎಷ್ಟು ಮಂದಿ ಚಿಕಿತ್ಸೆಯನ್ನು ಪೂರೈಸಿದರೆಂಬುದನ್ನು ಸಂಸ್ಥೆಗಳು ತಮ್ಮ ವಾರ್ಷಿಕ ವರದಿಯಲ್ಲಿ ಅಚ್ಚುಮಾಡಲಿ. ದಾನದ ನಿಜವಾದ ಅಳತೆ ಅದೇ.