ಬೋರ್ಡಿನ ಮೇಲಿನ ‘ಡಾ.’ ಮತ್ತು ಕೈಯೊಳಗಿನ ವಿದ್ಯೆ

ಒಂದು ಓಟಿನ ಬೆಲೆ ಎಷ್ಟೆಂದು ಸಂತೆಮರಹಳ್ಳಿಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2004ರ ವಿಧಾನಸಭಾ ಚುನಾವಣೆಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಓಟು! 2008ರ ಚುನಾವಣೆ ಹೊತ್ತಿಗೆ ಕ್ಷೇತ್ರವೇ ನಕಾಶೆಯಿಂದ ಮಾಯವಾಯಿತು, ಆ ಮಾತು ಬಿಡಿ. ಈಗ ಇಲ್ಲಿನ ಟೀ ಅಂಗಡಿಗಳಲ್ಲಿ ಒಂದೇ ಒಂದು ಅಕ್ಷರದ ಬೆಲೆಯ ಬಗ್ಗೆ ಚರ್ಚೆ ನಡೆದಿದೆ. ಆ ಅಕ್ಷರ ‘ಡಾ.’

ವಿಷಯ ಇಷ್ಟೇ. ಊರಿನ ಒಂದು ಬೀದಿಯಲ್ಲಿ ಒಬ್ಬಾತ ತನ್ನ ಮನೆಯ ಮುಂದಿನ ಕೋಣೆಯಲ್ಲೇ ಮಾಲೀಸು ಮಾಡುತ್ತಾನೆ. ಒಂದು ಬೆಂಚು, ಒಂದು ಚಾಪೆ, ಎಣ್ಣೆ ಬಿಸಿ ಮಾಡಲು ಸಣ್ಣ ಸ್ಟೌ. ಹೆಂಗಸರು ಬಂದರೆ ಒಳಮನೆಯಲ್ಲಿ ಆತನ ಹೆಂಡತಿ ನೋಡಿಕೊಳ್ಳುತ್ತಾಳೆ. ಬಾಣಂತಿಯರಿಗೆ ಎಣ್ಣೆ ಉಜ್ಜಿ ನೀರು ಹಾಕುವುದೂ ಆಕೆಯೇ. ಬೋರ್ಡು ಬರೆಯಲು ಬಂದ ಪೇಂಟರ್, “ಹೆಸರಿನ ಮುಂದೆ ‘ಡಾ.’ ಹಾಕ್ಬುಡ್ಲಾ ಅಣ್ಣ?” ಎಂದು ಕೇಳಿದನಂತೆ. ಈತ ಬೇಡ ಅಂದ. ಬೋರ್ಡಿನಲ್ಲಿ ‘ಎಣ್ಣೆ ಮಾಲೀಸು’ ಎಂದಷ್ಟೇ ಇದೆ.

ಊರಿಗೆ ಇದು ಸಮಾಧಾನ ತಂದಿಲ್ಲ. ‘ಡಾ. ಇಲ್ಲದವನ ಹತ್ರ ಮೈ ಕೊಡೋದು ಹೆಂಗೆ?’ ಎನ್ನುವವರು ಕೆಲವರು. ‘ಮಸಾಜು ಅಂದ್ರೆ ಬೆಂಗ್ಳೂರು ಸ್ಪಾ ಥರಾನೇ, ಮುಚ್ಚಿಸ್ಬೇಕು’ ಎನ್ನುವವರು ಇನ್ನು ಕೆಲವರು. ಅಂತೂ ‘ಸರ್ಟಿಫಿಕೇಟ್ ತೋರಿಸು’ ಎಂಬ ಮಾತು ಆತನ ಬಾಗಿಲಿಗೆ ಬಂದು ನಿಂತಿದೆ.

ಆತನ ಹಿನ್ನೆಲೆ ಏನು?

ಕೇಳಿದೆವು. ತಾತ ಗರಡಿ ಮನೆಯಲ್ಲಿ ಪೈಲ್ವಾನರಿಗೆ ಮೈ ಉಜ್ಜುತ್ತಿದ್ದವರು. ಕೈಯ ಹದ ಅಲ್ಲಿಂದ ಬಂತು. ಆಮೇಲೆ ಗುಂಡ್ಲುಪೇಟೆ ದಾಟಿ ವಯನಾಡಿಗೆ ಹೋಗಿ, ಒಂದು ಆಯುರ್ವೇದ ಕೇಂದ್ರದಲ್ಲಿ ವೈದ್ಯರ ಕೈಕೆಳಗೆ ಹಲವು ವರ್ಷ ಕೆಲಸ. 2020ರಲ್ಲಿ ಕೊರೊನಾ ಬಂದು ಕೇಂದ್ರ ಬಾಗಿಲು ಹಾಕಿದಾಗ ಗಂಟುಮೂಟೆ ಕಟ್ಟಿ ಊರಿಗೆ ವಾಪಸ್. ಕೈಯಲ್ಲಿ ಅಲ್ಲಿನವರು ಕೊಟ್ಟ ಅನುಭವ ಪತ್ರ ಒಂದಿದೆ, ಡಿಗ್ರಿ ಇಲ್ಲ. “ನಾ ಡಾಕ್ಟ್ರಲ್ಲ ಕನಾ ಸಾ. ಕೈ ಇಟ್ರೆ ಯಾವ್ದು ನಂದು, ಯಾವ್ದು ಆಸ್ಪತ್ರೇದು ಅಂತ ಗೊತ್ತಾಯ್ತದ” ಎಂದ.

ಈ ಕೊನೆಯ ಮಾತನ್ನು ಓದುಗರು ಮತ್ತೊಮ್ಮೆ ಓದಬೇಕು. ನಮ್ಮ ಪ್ರಕಾರ ಇಡೀ ವಿಚಾರದ ತಿರುಳು ಅದರಲ್ಲೇ ಇದೆ.

ಬೆಳಿಗ್ಗೆಯಿಂದ ರಾತ್ರಿವರೆಗೆ ಗಲ್ಲಾ ಮುಂದೆ ನಿಂತ ಅಂಗಡಿಯವರ ಸೊಂಟ, ಬಾಳೆಗೊನೆ ಹೊತ್ತವರ ಹೆಗಲು, ಚಾಮರಾಜನಗರದಿಂದ ಬಸ್ಸಿನ ಕಂಬಿ ಹಿಡಿದು ನಿಂತೇ ಬಂದವರ ಮೀನಖಂಡ, ಇವಕ್ಕೆಲ್ಲ ಎಣ್ಣೆ, ಬಿಸಿ ಮತ್ತು ಬಲ್ಲ ಕೈ ಹಿತ ಕೊಡುತ್ತವೆ. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ದಿನಾ ಅಭ್ಯಂಗ ಮಾಡಿಕೊಳ್ಳಬೇಕೆಂದು ಹೇಳಿದೆ. ಅಜೀರ್ಣ ಇರುವವರಿಗೆ, ಕಫ ಕೆರಳಿದವರಿಗೆ ಬೇಡ ಎಂದೂ ಅದೇ ಗ್ರಂಥ ಹೇಳುತ್ತದೆ. ಯಾವಾಗ ಕೈ ಹಾಕಬಾರದು ಎಂದು ತಿಳಿದವನೇ ಕಸುಬುದಾರ ಎಂಬ ಮಾತು ಅಷ್ಟು ಹಳೆಯದು.

ಕೈ ಹಾಕಬಾರದ ಜಾಗಗಳು

ಬಿದ್ದು ಮೂಳೆ ಮುರಿದಿದ್ದರೆ ಉಜ್ಜುವುದು ಅನಾಹುತ. ಬಿದಿರು ಪಟ್ಟಿ ಇಟ್ಟು ಬಿಗಿಯಾಗಿ ಕಟ್ಟಿದರೆ ರಕ್ತ ಹರಿಯುವುದು ನಿಂತು ಕೈಕಾಲು ಕೊಳೆಯುತ್ತದೆ. ಹೀಗೆ ಕೈ ಕತ್ತರಿಸಿಕೊಂಡ ಮಕ್ಕಳನ್ನು ಮೂಳೆ ಡಾಕ್ಟರುಗಳು ಕಂಡಿದ್ದಾರೆ. ಉಳುಕಿ ಊದಿದ ಪಾದವನ್ನು ಮೊದಲ ಎರಡು ಮೂರು ದಿನ ಒತ್ತಿ ಉಜ್ಜಬಾರದು. ಒಂದೇ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಊದಿ ಬಿಸಿಯಾಗಿ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಆಗ ಉಜ್ಜಿದರೆ ಆ ಹೆಪ್ಪು ಕಿತ್ತುಹೋಗಿ ಶ್ವಾಸಕೋಶಕ್ಕೆ ಸೇರಿ ಜೀವಕ್ಕೇ ಸಂಚಕಾರ. ಎಳೆಗೂಸಿನ ಮೈಗೆ ಎಣ್ಣೆ ಹಚ್ಚಿ, ಬೇಡ ಅನ್ನುವುದಿಲ್ಲ. ಮೂಗಿಗೆ ಎಣ್ಣೆ ಬಿಡುವ ಹಳೇ ಪದ್ಧತಿ ಮಾತ್ರ ನಿಲ್ಲಲಿ. ಅದು ಪುಪ್ಪುಸಕ್ಕೆ ಇಳಿದರೆ ನ್ಯುಮೋನಿಯಾ.

ಬಾಗಿಲಲ್ಲಿ ನಿಂತು ಸರ್ಟಿಫಿಕೇಟ್ ಕೇಳಿದ ಮಹಾಶಯರು ಈ ವಿಷಯ ಒಂದನ್ನಾದರೂ ಕೇಳಿದರೇ? ಇಲ್ಲ.

ಕಾನೂನು ಏನನ್ನುತ್ತದೆ?

ಕಾನೂನಿನ ಮಾತು ಸ್ಪಷ್ಟ. ಮಾನ್ಯ ವಿದ್ಯಾರ್ಹತೆ ಮತ್ತು ನೋಂದಣಿ ಇಲ್ಲದವರು ವೈದ್ಯ ವೃತ್ತಿ ಮಾಡುವಂತಿಲ್ಲ. ಕೇರಳದ ಪಾರಂಪರಿಕ ವೈದ್ಯರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ಇದನ್ನೇ ಎತ್ತಿ ಹೇಳಿತು. ನಮ್ಮ ರಾಜ್ಯದಲ್ಲಿ ಖಾಸಗಿ ಚಿಕಿತ್ಸಾಲಯಗಳಿಗೆ 2007ರ ಕಾಯಿದೆ ಉಂಟು, ನೋಂದಣಿ ಕಡ್ಡಾಯ. ಆದ್ದರಿಂದ ‘ಡಾ.’ ಬೇಡವೆಂದ ನಮ್ಮ ಮಾಲೀಸಿನವನು ಸರಿಯಾದ ಕೆಲಸವನ್ನೇ ಮಾಡಿದ್ದಾನೆ. ಮೈಕೈ ನೋವಿಗೆ ಎಣ್ಣೆ ಉಜ್ಜುವುದು ಒಂದು, ಸಕ್ಕರೆ ಕಾಯಿಲೆ, ಪಾರ್ಶ್ವವಾಯು ವಾಸಿ ಮಾಡುತ್ತೇನೆಂದು ಬೋರ್ಡು ಹಾಕುವುದೇ ಇನ್ನೊಂದು. ಎರಡನೆಯದನ್ನು ಯಾರು ಮಾಡಿದರೂ ಈ ಪತ್ರಿಕೆ ಬಯಲಿಗೆಳೆಯುತ್ತದೆ.

ಕಾನೂನು ‘ಮಾಡಬೇಡ’ ಎಂಬುದನ್ನು ಹೇಳಿತು. ‘ಹೀಗೆ ಮಾಡು’ ಎಂದು ಹೇಳುವವರು ಯಾರು? ಫಿಸಿಯೊಥೆರಪಿಯವರಿಗೆ 2021ರ ಕಾಯಿದೆಯಲ್ಲಿ ಜಾಗ ಸಿಕ್ಕಿತು, ಸಂತೋಷ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ವಿಶ್ವಕರ್ಮ ಯೋಜನೆ ತಂದಿತು. ಹದಿನೆಂಟು ಕಸುಬು, ತರಬೇತಿ, ಉಪಕರಣಕ್ಕೆ 15,000 ರೂಪಾಯಿ, ಶೇಕಡಾ ಐದರ ಬಡ್ಡಿಗೆ ಸಾಲ. ಬಡಗಿ, ಕಮ್ಮಾರ, ಕ್ಷೌರಿಕ, ಅಗಸ, ದರ್ಜಿ, ಹೂ ಕಟ್ಟುವವರು ಎಲ್ಲರೂ ಪಟ್ಟಿಯಲ್ಲಿದ್ದಾರೆ. ಮಾಲೀಸಿನವನಿಲ್ಲ, ಬಾಣಂತಿಗೆ ನೀರು ಹಾಕುವಾಕೆಯೂ ಇಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟು ಕೈಮುಗಿದ ಸರ್ಕಾರಕ್ಕೆ, ಅಂಥವರ ಪಕ್ಕದಲ್ಲೇ ಎಣ್ಣೆ ಬಟ್ಟಲು ಹಿಡಿದು ಕೂತವರು ಕಾಣಲಿಲ್ಲವೇ ಸ್ವಾಮಿ?

ನಾಟಿ ವೈದ್ಯರ ಅನುಭವವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಒಂದು ಯೋಜನೆಯನ್ನು ಭಾರತೀಯ ಗುಣಮಟ್ಟ ಮಂಡಳಿ ರೂಪಿಸಿದೆ. ಅದು ಡಾಕ್ಟರಿಕೆಯ ಹಕ್ಕು ಕೊಡುವುದಿಲ್ಲ, ಆದರೆ ಕೈಯಲ್ಲಿ ವಿದ್ಯೆ ಉಂಟೋ ಇಲ್ಲವೋ ನೋಡುತ್ತದೆ. ನಮ್ಮ ಮಾಲೀಸಿನವರಿಗೂ ಅಂಥದ್ದೊಂದು ಬೇಕು. ಚಾಮರಾಜನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅಲ್ಲಿನವರು ವರ್ಷಕ್ಕೊಮ್ಮೆ ಎರಡು ದಿನ ಇಂಥವರನ್ನು ಕೂರಿಸಿಕೊಂಡು, ಮುರಿದ ಮೂಳೆ ಯಾವುದು, ಉಳುಕು ಯಾವುದು, ಯಾವ ಊತವನ್ನು ಮುಟ್ಟಬಾರದು ಎಂದು ಹೇಳಿಕೊಟ್ಟರೆ ಖರ್ಚೇನೂ ಬೆಟ್ಟವಾಗುವುದಿಲ್ಲ. ಹಾಗೆ ಕಲಿತವರ ಹೆಸರನ್ನು ಗ್ರಾಮ ಪಂಚಾಯಿತಿ ಒಂದು ಪುಸ್ತಕದಲ್ಲಿ ಬರೆದಿಡಲಿ. ಹೆಂಗಸರಿಗೆ ಹೆಂಗಸರೇ ಎಂಬ ನಿಯಮವಿರಲಿ. ದರದ ಚೀಟಿ ಗೋಡೆ ಮೇಲಿರಲಿ. ಆಗ ‘ಸ್ಪಾ’ ಎಂಬ ಗುಸುಗುಸುವೂ ತಾನಾಗಿ ನಿಲ್ಲುತ್ತದೆ.

ಅಲ್ಲಿಯವರೆಗೆ ಗಿರಾಕಿಗಳೇ ಪರೀಕ್ಷಕರು. ಬೆಂಚಿನ ಮೇಲೆ ಮಲಗುವ ಮುಂಚೆ ಒಂದೇ ಪ್ರಶ್ನೆ ಕೇಳಿ: “ಯಾವ ನೋವಿಗೆ ನೀ ಕೈ ಹಾಕಾಕಿಲ್ಲ?” ‘ಎಲ್ಲಾ ವಾಸಿ ಮಾಡ್ತೀನಿ’ ಎಂದವನ ಮನೆಯಿಂದ ಚಪ್ಪಲಿ ಹಾಕಿಕೊಂಡು ಎದ್ದು ಬನ್ನಿ. ಹೋದ ವಾರ ನಾವು ಕೂತಿದ್ದಾಗಲೇ ಮುಂಗೈ ಊದಿಸಿಕೊಂಡು ಬಂದ ಹುಡುಗನೊಬ್ಬನನ್ನು ಈತ ಮುಟ್ಟಲಿಲ್ಲ. “ಮೊದ್ಲು ಎಕ್ಸರೇ ತೆಗ್ಸ್ಕಬಾಪ್ಪ” ಎಂದು ಬಸ್ ಸ್ಟ್ಯಾಂಡಿನ ಕಡೆ ಕಳಿಸಿದ. ಇನ್ನೂರು ರೂಪಾಯಿ ಗಿರಾಕಿ ಹೋಯಿತು.

ಆ ಇನ್ನೂರು ರೂಪಾಯಿಯೇ ಆತನ ಸರ್ಟಿಫಿಕೇಟು ಎಂಬುದು ನಮ್ಮ ಅಭಿಪ್ರಾಯ. ಸರ್ಕಾರದ್ದು ಯಾವಾಗ ಬರುತ್ತದೋ, ಸಂಬಂಧಪಟ್ಟವರು ಹೇಳಬೇಕು.