ಹಿಂದೆ ಬರುವ ಬಂಡಿಗೂ ಬ್ರೇಕು ಬೇಕು

ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ನೀರಿನ ಪಂಪು, ಮಿಕ್ಸರು, ಸ್ಕೂಟರುಗಳಂಥ ಮನೆಬಳಕೆಯ ಯಂತ್ರಗಳ ಕುರಿತು ಬರೆಯುತ್ತ ಬಂದಿದ್ದೇವೆ. ಈ ತಿಂಗಳು ನಮ್ಮ ಊರುಗಳಲ್ಲಿ ಅಷ್ಟಾಗಿ ಕಾಣಸಿಗದ ವಾಹನವೊಂದರ ವಿಷಯವನ್ನು ಎತ್ತಿಕೊಂಡಿದ್ದೇವೆ. ಇದಕ್ಕೆ ಎರಡು ಕಾರಣಗಳುಂಟು. ನಮ್ಮ ಓದುಗರಲ್ಲಿ ಹಲವರ ಮಕ್ಕಳು ಅಮೆರಿಕ, ಕೆನಡಾ, ಆಸ್ಟ್ರೇಲಿಯಗಳಲ್ಲಿ ನೆಲೆಸಿದ್ದು, ರಜೆಯ ದಿನಗಳಲ್ಲಿ ಕಾರಿನ ಹಿಂದೆ ಪುಟ್ಟ ಮನೆಯಂಥ ಕ್ಯಾಂಪರನ್ನು ಕಟ್ಟಿಕೊಂಡು ಪ್ರವಾಸ ಹೊರಡುವುದು ಅಲ್ಲಿ ರೂಢಿಯಲ್ಲಿದೆ ಎಂಬುದು ಮೊದಲನೆಯ ಕಾರಣ. ಎರಡನೆಯದು, ಈ ವಿಷಯದಲ್ಲಿ ನಾವೇ ಮಾಡಿದ ಒಂದು ತಪ್ಪು. ಅದನ್ನು ಮುಚ್ಚಿಟ್ಟುಕೊಂಡು ಬುದ್ಧಿಮಾತು ಹೇಳುವುದು ನಮಗೆ ಉಚಿತವೆನಿಸಲಿಲ್ಲ.

2023ರ ಬೇಸಿಗೆಯಲ್ಲಿ ನಾವು ಕೊಲರಾಡೊ ರಾಜ್ಯದ ಡೆನ್ವರ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಳಿಯಂದಿರು ಆ ವರ್ಷವೇ ಹದಿನಾರು ಅಡಿ ಉದ್ದದ, ಒಂದೇ ಅಚ್ಚಿನ, ಬಳಸಿದ ಕ್ಯಾಂಪರೊಂದನ್ನು ಕೊಂಡಿದ್ದರು. ಒಳಗೆ ಮಲಗಲು ಹಾಸಿಗೆ, ಅಡುಗೆಗೆ ಒಲೆ, ನೀರಿನ ತೊಟ್ಟಿ ಎಲ್ಲವೂ ಉಂಟು. ಸಾಮಾನು, ನೀರು ತುಂಬಿದರೆ ಸುಮಾರು 1,500 ಕಿಲೋಗ್ರಾಂ ತೂಗುವ ಬಂಡಿ. ಅದನ್ನು ಎಳೆದುಕೊಂಡು ರಾಕಿ ಪರ್ವತಗಳ ಮಡಿಲಿನಲ್ಲಿರುವ ಎಸ್ಟೆಸ್ ಪಾರ್ಕ್ ಎಂಬ ಊರಿಗೆ ಹೋಗಿ ಮೂರು ದಿನ ತಂಗಿದೆವು. ಸಮುದ್ರಮಟ್ಟದಿಂದ 7,500 ಅಡಿಗೂ ಮಿಗಿಲಾದ ಎತ್ತರದಲ್ಲಿರುವ ರಮಣೀಯ ಸ್ಥಳವದು.

ಮರಳುವ ಹಿಂದಿನ ಸಂಜೆ ಚಹಾ ಕುಡಿಯುತ್ತ ಕುಳಿತಿದ್ದಾಗ ಅಳಿಯಂದಿರು, "ಮಾವನವರೇ, ಕ್ಯಾಂಪರಿನ ಬ್ರೇಕು ಯಾಕೋ ಮೆತ್ತಗಿದೆ ಅನಿಸುತ್ತದೆ, ಒಮ್ಮೆ ನೋಡುತ್ತೀರಾ?" ಎಂದು ಕೇಳಿದರು. ಮೂವತ್ತು ವರ್ಷ ಪಾಲಿಟೆಕ್ನಿಕ್‌ನಲ್ಲಿ ಮೋಟಾರು ವಾಹನದ ಪಾಠ ಹೇಳಿದ ನಾವು ಕುಳಿತಲ್ಲಿಂದ ಏಳದೆಯೇ, "ಅದಕ್ಕೇನು, ಕಾರಿನಲ್ಲಿರುವ ಪೆಟ್ಟಿಗೆಯ ನಂಬರು ಸ್ವಲ್ಪ ಏರಿಸಿಬಿಡಿ" ಎಂದುಬಿಟ್ಟೆವು. ಅವರು ಹಿರಿಯರ ಮಾತೆಂದು 6ರಲ್ಲಿದ್ದುದನ್ನು 9ಕ್ಕೆ ಏರಿಸಿದರು.

ಮರುದಿನ ಲಯನ್ಸ್ ಎಂಬ ಊರಿನತ್ತ ಇಳಿಯತೊಡಗಿದೆವು. ಅಲ್ಲಿಗೆ ರಸ್ತೆ ಸುಮಾರು 2,100 ಅಡಿಗಳಷ್ಟು ಕೆಳಗಿಳಿಯುತ್ತದೆ. ತಿರುವೊಂದನ್ನು ದಾಟುತ್ತಿದ್ದಂತೆ ಮುಂದಿನ ಕಾರು ಥಟ್ಟನೆ ನಿಂತಿತು. ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಗಳು ರಸ್ತೆ ದಾಟುತ್ತಿದ್ದವು. ಅಳಿಯಂದಿರು ಬ್ರೇಕನ್ನು ಒತ್ತಿದರು. ಹಿಂದಿನಿಂದ ಯಾರೋ ಬಲವಾಗಿ ನೂಕಿದಂತಾಯಿತು. ಕಾರಿನ ಮೂತಿ ತಗ್ಗಿತು, ಹಿಂಬದಿಯ ಸೀಟಿನಲ್ಲಿದ್ದ ಮೊಮ್ಮಗಳು "ಅಜ್ಜಾ!" ಎಂದು ಕೂಗಿದಳು. ನಮ್ಮ ವಾಹನ ನಿಂತಾಗ ಮುಂದಿನ ಕಾರಿಗೂ ನಮಗೂ ಒಂದು ಮೊಳದ ಅಂತರವಿತ್ತು.

ಬದಿಗೆ ನಿಲ್ಲಿಸಿ ಇಳಿದು ನೋಡಿದೆವು. ಕಾರಿನ ಮುಂಗಾಲಿಗಳಿಂದ ಸುಟ್ಟ ವಾಸನೆ ಬರುತ್ತಿತ್ತು. ಮುಟ್ಟದೆ ಹತ್ತಿರ ಕೈ ಹಿಡಿದರೂ ಝಳ ತಾಗುತ್ತಿತ್ತು. ಕ್ಯಾಂಪರಿನ ಚಕ್ರದ ಬಳಿ ಕೈ ಹಿಡಿದೆವು, ಅದು ತಣ್ಣಗಿತ್ತು. ಅಷ್ಟು ದೂರ ಇಳಿದುಬಂದ ಬಂಡಿಯ ಬ್ರೇಕು ತಣ್ಣಗಿದೆಯೆಂದರೆ ಅದು ಕೆಲಸವನ್ನೇ ಮಾಡಿಲ್ಲವೆಂದು ಅರ್ಥ. ಎರಡು ಬಂಡಿಗಳ ಭಾರವನ್ನು ಒಂದೇ ಕಾರು ತಡೆದು ನಿಲ್ಲಿಸಿತ್ತು. ನಮ್ಮ ನಾಡಿನಲ್ಲಿ ಕಬ್ಬು ತುಂಬಿದ ಟ್ರೇಲರುಗಳು ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನೇ ನೂಕಿಕೊಂಡು ಹೋಗುವುದನ್ನು ಕಂಡವರಿಗೆ ಈ ಅಪಾಯವನ್ನು ವಿವರಿಸಬೇಕಾಗಿಲ್ಲ. ಉಳಿದ ದಾರಿಯನ್ನು ಕೆಳಗಿನ ಗೇರಿನಲ್ಲಿ, ನಿಧಾನವಾಗಿ ಕ್ರಮಿಸಿದೆವು. ಆ ದಾರಿಯುದ್ದಕ್ಕೂ ಅಳಿಯಂದಿರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಮಗೆ ಹಗುರಾಗುತ್ತಿತ್ತು.

ಈಗ ಆ ಬ್ರೇಕಿನ ರಚನೆಯನ್ನು ತಿಳಿಯೋಣ. ಯುರೋಪಿನ ಸಣ್ಣ ಕ್ಯಾರವಾನುಗಳಲ್ಲಿ ಬಂಡಿಯು ಕಾರನ್ನು ನೂಕುವ ಬಲದಿಂದಲೇ ಬ್ರೇಕು ಹಿಡಿಯುವ ಏರ್ಪಾಡು ಸಾಮಾನ್ಯ. ಅಮೆರಿಕದಲ್ಲಿ ಹೆಚ್ಚಾಗಿ ವಿದ್ಯುತ್ ಬ್ರೇಕು. ಚಕ್ರದೊಡನೆ ತಿರುಗುವ ಡ್ರಮ್ಮು, ಅದರೊಳಗೆ ಎರಡು ಬ್ರೇಕ್ ಶೂಗಳು. ಇಷ್ಟರಮಟ್ಟಿಗೆ ನಮ್ಮ ಹಳೆಯ ಕಾರುಗಳ ಬ್ರೇಕಿನಂತೆಯೇ. ಆದರೆ ಶೂಗಳನ್ನು ಅಗಲಿಸಲು ಎಣ್ಣೆಯ ಒತ್ತಡವಿಲ್ಲ. ಒಂದು ಸನ್ನೆಯ ತುದಿಯಲ್ಲಿ ವಿದ್ಯುತ್ಕಾಂತವಿದೆ. ಚಾಲಕನು ಕಾರಿನ ಬ್ರೇಕನ್ನು ಒತ್ತಿದಾಗ ಕಾರಿನಲ್ಲಿರುವ ನಿಯಂತ್ರಕ ಪೆಟ್ಟಿಗೆಯು ಈ ಕಾಂತಕ್ಕೆ ವಿದ್ಯುತ್ತನ್ನು ಹರಿಸುತ್ತದೆ. ಕಾಂತವು ತಿರುಗುತ್ತಿರುವ ಡ್ರಮ್ಮಿನ ಒಳಮುಖಕ್ಕೆ ಅಂಟಿಕೊಂಡು ಅದರೊಡನೆ ಸ್ವಲ್ಪ ದೂರ ಎಳೆಯಲ್ಪಡುತ್ತದೆ. ಆಗ ಸನ್ನೆ ವಾಲಿ, ಶೂಗಳು ಅಗಲಿ, ಡ್ರಮ್ಮನ್ನು ಉಜ್ಜಿ ಹಿಡಿಯುತ್ತವೆ. ಹತ್ತು ಅಂಗುಲದ ಬ್ರೇಕಿನ ಒಂದು ಕಾಂತಕ್ಕೆ ಹೆಚ್ಚೆಂದರೆ ಸುಮಾರು 3 ಆಂಪಿಯರ್ ವಿದ್ಯುತ್ ಸಾಕು.

ನಮ್ಮ ತಪ್ಪು ಎಲ್ಲಿತ್ತೆಂಬುದು ಇಲ್ಲಿ ತಿಳಿಯುತ್ತದೆ. ಶೂಗಳ ಮೇಲಿನ ಲೈನಿಂಗ್ ಸವೆದಂತೆ ಡ್ರಮ್ಮಿಗೂ ಅದಕ್ಕೂ ನಡುವಿನ ಸಂದು ಹೆಚ್ಚುತ್ತದೆ. ಆ ಸಂದನ್ನು ತುಂಬಲು ಸನ್ನೆ ಇನ್ನಷ್ಟು ದೂರ ವಾಲಬೇಕು. ಅದಕ್ಕೂ ಒಂದು ಮಿತಿಯಿದೆ. ಆ ಮಿತಿಯ ಬಳಿ ತಲುಪಿದ ಸನ್ನೆಗೆ ಎಷ್ಟೇ ವಿದ್ಯುತ್ ಕೊಟ್ಟರೂ ಶೂಗಳು ಬಿಗಿಯಾಗಿ ಹಿಡಿಯಲಾರವು. ಪೆಟ್ಟಿಗೆಯ ನಂಬರು ಹೆಚ್ಚಿಸುವುದು ಕಾಂತದ ಬಲವನ್ನು ಹೆಚ್ಚಿಸುತ್ತದೆಯೇ ಹೊರತು ಸಂದನ್ನು ಕಿರಿದಾಗಿಸದು. ರೋಗ ಯಂತ್ರದ್ದು, ಔಷಧಿ ವಿದ್ಯುತ್ತಿನದು ಕೊಟ್ಟೆವು. ವಿದ್ಯಾರ್ಥಿಯೊಬ್ಬನು ಪರೀಕ್ಷೆಯಲ್ಲಿ ಹೀಗೆ ಬರೆದಿದ್ದರೆ ನಾವು ಸೊನ್ನೆ ಹಾಕುತ್ತಿದ್ದೆವು.

ಮುಂದಿನ ಶನಿವಾರ ನಾವೂ ಅಳಿಯಂದಿರೂ ಕೂಡಿ ಮಾಡಿದ ಕೆಲಸದ ಕ್ರಮ ಹೀಗಿದೆ. ಸಮತಟ್ಟಾದ ಗಟ್ಟಿ ನೆಲದ ಮೇಲೆ ಕ್ಯಾಂಪರನ್ನು ಕಾರಿಗೆ ಜೋಡಿಸಿಯೇ ನಿಲ್ಲಿಸಿ, ಕಾರಿಗೆ ಕೈಬ್ರೇಕು ಹಾಕಿ, ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೆ ಹಿಂದೆ ಮುಂದೆ ಅಡ್ಡಗಟ್ಟೆ ಇಡಬೇಕು. ವಿದ್ಯುತ್ ಪ್ಲಗ್ಗನ್ನು ಬಿಚ್ಚಿಡಬೇಕು. ಜಾಕನ್ನು ಬಂಡಿಯ ಚೌಕಟ್ಟಿಗೆ ಕೊಡಬೇಕೇ ಹೊರತು ಅಚ್ಚಿನ ಕೊಳವೆಗೆ ಕೊಡಬಾರದು. ಅಚ್ಚು ಬಾಗುವ ಭಯವುಂಟು. ಚಕ್ರ ನೆಲದಿಂದ ಮೇಲೆದ್ದೊಡನೆ ಚೌಕಟ್ಟಿನಡಿ ಗಟ್ಟಿಯಾದ ಆಧಾರಗಂಬ ಇಡಬೇಕು. ಬರಿಯ ಜಾಕನ್ನು ನಂಬಿ ಬಂಡಿಯಡಿ ಕೈಯನ್ನೂ ಚಾಚಬಾರದು.

ಚಕ್ರದ ಒಳಬದಿಯಲ್ಲಿ, ಬ್ರೇಕಿನ ಹಿಂದಿನ ತಗಡಿನ ಕೆಳಭಾಗದಲ್ಲಿ ರಬ್ಬರಿನ ಮುಚ್ಚಳವುಳ್ಳ ಸೀಳುಗಂಡಿ ಇರುತ್ತದೆ. ಅದನ್ನು ತೆಗೆದರೆ ಹಲ್ಲುಗಳುಳ್ಳ ಪುಟ್ಟ ಗಾಲಿಯೊಂದು ಕಾಣುತ್ತದೆ. ಬ್ರೇಕಿನ ಚಮಚವೆಂಬ ಬಾಗಿದ ಉಪಕರಣದಿಂದ, ಇಲ್ಲವೇ ಚಪ್ಪಟೆ ತುದಿಯ ಸ್ಕ್ರೂಡ್ರೈವರಿನಿಂದ ಅದರ ಹಲ್ಲುಗಳನ್ನು ಒಂದೊಂದಾಗಿ ತಿರುಗಿಸಬೇಕು. ಯಾವ ದಿಕ್ಕಿಗೆ ಎಂಬ ಸಂಶಯ ಬಂದರೆ ಚಕ್ರವನ್ನೇ ಕೇಳಿರಿ: ತಿರುಗಿಸಿದಂತೆಲ್ಲ ಚಕ್ರ ಭಾರವಾಗುತ್ತ ಹೋದರೆ ದಿಕ್ಕು ಸರಿ. ಚಕ್ರವನ್ನು ಮುನ್ನಡೆಯ ದಿಕ್ಕಿನಲ್ಲಿ ಕೈಯಿಂದ ತಿರುಗಿಸುತ್ತ, ಅದು ಬಹಳ ಕಷ್ಟದಿಂದ ತಿರುಗುವವರೆಗೆ ಬಿಗಿಗೊಳಿಸಬೇಕು. ಅನಂತರ ಹಲ್ಲುಗಾಲಿಯನ್ನು ಹಿಂದಕ್ಕೆ ಸಡಿಲಿಸುತ್ತ ಬರಬೇಕು. ಚಕ್ರ ಸರಾಗವಾಗಿ ಸುತ್ತುತ್ತಿರಬೇಕು, ಆದರೆ ಕಿವಿಗೊಟ್ಟರೆ ಲೈನಿಂಗ್ ತುಸುವೇ ಉಜ್ಜುವ ಸದ್ದು ಕೇಳಬೇಕು. ಅದೇ ಹದ. ಮುಚ್ಚಳವನ್ನು ಮರಳಿ ಹಾಕುವುದನ್ನು ಮರೆಯಬಾರದು. ಇಲ್ಲವಾದರೆ ಧೂಳು, ನೀರು ಒಳಸೇರುತ್ತವೆ. ಎರಡೂ ಚಕ್ರಗಳಿಗೆ ಒಂದೇ ಹದ ಮಾಡಬೇಕು. ಒಂದು ಬಿಗಿ, ಇನ್ನೊಂದು ಸಡಿಲವಾದರೆ ಬ್ರೇಕು ಒತ್ತಿದಾಗ ಬಂಡಿ ಒಂದು ಮಗ್ಗುಲಿಗೆ ಎಳೆಯುತ್ತದೆ.

ನಮ್ಮ ಬಂಡಿಯಲ್ಲಿ ಹಲ್ಲುಗಾಲಿಯನ್ನು ಬಹಳ ಹೊತ್ತು ತಿರುಗಿಸಿದ ಮೇಲೆಯೇ ಶೂ ಡ್ರಮ್ಮನ್ನು ಮುಟ್ಟಿತು. ಹಿಂದಿನ ಮಾಲೀಕರ ಕಾಲದಿಂದಲೂ ಆ ಮುಚ್ಚಳ ತೆರೆದಂತೆ ಕಾಣಲಿಲ್ಲ. ಇಂಥ ಬ್ರೇಕನ್ನು ಹೊಸದಾಗಿದ್ದಾಗ ಮೊದಲ 200 ಮೈಲಿಗಳ ಬಳಿಕ, ಅನಂತರ 3,000 ಮೈಲಿಗಳಿಗೊಮ್ಮೆ ಹೀಗೆ ಸರಿಪಡಿಸಬೇಕೆಂಬುದು ವಾಡಿಕೆಯ ನಿಯಮ. ತಾನಾಗಿಯೇ ಸಂದನ್ನು ಸರಿಪಡಿಸಿಕೊಳ್ಳುವ ಬ್ರೇಕುಗಳೂ ಈಗ ಬಂದಿವೆ. ತಮ್ಮ ಬಂಡಿಯದು ಯಾವ ಬಗೆ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು. ಡ್ರಮ್ಮನ್ನು ಬಿಚ್ಚಿದಾಗ ಲೈನಿಂಗಿನ ಮೇಲೆ ಗ್ರೀಸು ಹರಡಿದ್ದರೆ ಆ ಶೂಗಳನ್ನು ಬದಲಾಯಿಸುವುದೇ ಕ್ಷೇಮ. ಒಳಗಿನ ಧೂಳನ್ನು ಬಾಯಿಂದ ಊದಬಾರದು; ಹಳೆಯ ಲೈನಿಂಗುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರುವ ಸಂಭವವುಂಟು.

ಯಂತ್ರದ ಕೆಲಸ ಮುಗಿದ ಮೇಲೆಯೇ ವಿದ್ಯುತ್ತಿನ ಕೆಲಸ. ಒಣಗಿದ, ಸಮತಟ್ಟಾದ, ಜನಸಂಚಾರವಿಲ್ಲದ ರಸ್ತೆಯಲ್ಲಿ ಕೆಲವು ಬಾರಿ ಮೃದುವಾಗಿ ನಿಲ್ಲಿಸಿ ಬ್ರೇಕನ್ನು ಬೆಚ್ಚಗಾಗಿಸಬೇಕು. ಅನಂತರ ಗಂಟೆಗೆ 25 ಮೈಲಿ, ಅಂದರೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ಸಾಗುತ್ತ, ಕಾರಿನ ಬ್ರೇಕನ್ನು ಮುಟ್ಟದೆ, ನಿಯಂತ್ರಕದ ಕೈಗುಂಡಿಯನ್ನು ಪೂರ್ತಿ ಒತ್ತಬೇಕು. ಕ್ಯಾಂಪರಿನ ಚಕ್ರಗಳು ಕಚ್ಚಿಕೊಂಡು ಜಾರಿದರೆ ನಂಬರನ್ನು ಇಳಿಸಬೇಕು. ಹಿಡಿತ ದುರ್ಬಲವೆನಿಸಿದರೆ ಏರಿಸಬೇಕು. ಚಕ್ರ ಕಚ್ಚಿಕೊಳ್ಳುವ ಮಟ್ಟಕ್ಕಿಂತ ತುಸು ಕೆಳಗೆ ನಿಲ್ಲಿಸುವುದು ಸರಿಯಾದ ಹೊಂದಿಕೆ. ನಮ್ಮ ಬಂಡಿಗೆ ಈಗ 5.5 ಸಾಕಾಯಿತು! ಆ ಹಿಂದೆ 9 ಇದ್ದರೂ ಸಾಲದಾಗಿತ್ತು ಎಂಬುದನ್ನು ಓದುಗರು ಗಮನಿಸಬೇಕು. ಹೊರೆ ಹೆಚ್ಚುಕಡಿಮೆಯಾದಾಗ, ಮಳೆ ಅಥವಾ ಜಲ್ಲಿರಸ್ತೆ ಎದುರಾದಾಗ ಈ ಹೊಂದಿಕೆಯನ್ನು ಮತ್ತೆ ನೋಡಬೇಕು.

ಸಂದು ಸರಿಯಿದ್ದೂ ಬ್ರೇಕು ಮೆತ್ತಗಿದ್ದರೆ ಪ್ಲಗ್ಗಿನ ಸಂಪರ್ಕಗಳು ಕಿಲುಬು ಹಿಡಿದಿವೆಯೇ, ಭೂಸಂಪರ್ಕದ ತಂತಿ ಸಡಿಲವಾಗಿದೆಯೇ ಎಂದು ಪರೀಕ್ಷಿಸಬೇಕು. ಕ್ಯಾಂಪರು ಕಾರಿನಿಂದ ಕಳಚಿಕೊಂಡರೆ ತಾನಾಗಿ ಬ್ರೇಕು ಹಿಡಿಯುವ ತುರ್ತು ಸ್ವಿಚ್ಚೂ ಉಂಟು. ಪ್ಲಗ್ ಬಿಚ್ಚಿಟ್ಟು ಅದರ ಪಿನ್ನನ್ನು ಎಳೆದಾಗ ಚಕ್ರಗಳು ಬಿಗಿದುಕೊಳ್ಳಬೇಕು. ನೋಡಿದ ಕೂಡಲೆ ಪಿನ್ನನ್ನು ಮರಳಿ ಸಿಕ್ಕಿಸಬೇಕು. ಹಾಗೆಯೇ ಬಿಟ್ಟರೆ ಬ್ಯಾಟರಿ ಬರಿದಾಗಿ ಕಾಂತಗಳು ಕಾಯುತ್ತವೆ. ಸಾಗುವಾಗ ಕ್ಯಾಂಪರು ಬಾಲ ಬೀಸಿದಂತೆ ಓಲಾಡತೊಡಗಿದರೆ ಕಾರಿನ ಬ್ರೇಕನ್ನು ಒತ್ತದೆ, ನಿಯಂತ್ರಕದ ಕೈಗುಂಡಿಯನ್ನು ಮೆಲ್ಲನೆ ಒತ್ತಿ ಹಿಂದಿನ ಬಂಡಿಯನ್ನು ಮಾತ್ರ ತಡೆದರೆ ಅದು ನೇರವಾಗುತ್ತದೆ.

ಕಾನೂನಿನ ಮಾತನ್ನೂ ಹೇಳಬೇಕು. ಅಮೆರಿಕದ ಅನೇಕ ರಾಜ್ಯಗಳಲ್ಲಿ 3,000 ಪೌಂಡು ಮೀರಿದ ಟ್ರೇಲರಿಗೆ ಬ್ರೇಕು ಕಡ್ಡಾಯ. ಕ್ಯಾಲಿಫೋರ್ನಿಯದಲ್ಲಿ ಈ ಮಿತಿ 1,500 ಪೌಂಡು. ಆಸ್ಟ್ರೇಲಿಯದಲ್ಲಿ 750 ಕಿಲೋಗ್ರಾಂ ಮೀರಿದರೆ ಬ್ರೇಕು ಬೇಕು. ಆದರೆ ಬ್ರೇಕು ಇದೆಯೇ ಎಂದು ಕಾನೂನು ಕೇಳೀತು. ಅದು ಹಿಡಿಯುತ್ತದೆಯೇ ಎಂದು ಪ್ರತಿ ಪ್ರಯಾಣಕ್ಕೆ ಮುನ್ನ ಕೇಳಬೇಕಾದವರು ಮನೆಯವರೇ.

ಕೆಲಸವೆಲ್ಲ ಮುಗಿದ ಮೇಲೆ ನಾವು ಅಳಿಯಂದಿರಿಗೆ, "ನೀವು ಕೇಳಿದಾಗ ಎದ್ದು ನೋಡಬೇಕಾಗಿತ್ತು. ನೋಡದೆ ಮಾತಾಡಿದೆವು, ತಪ್ಪಾಯಿತು" ಎಂದೆವು. ಅವರು ಕೈ ಒರೆಸಿಕೊಳ್ಳುತ್ತ, "ನನಗೂ ಒಳಗೆ ಅನುಮಾನವಿತ್ತು ಮಾವನವರೇ. ನಿಮಗೆ ಎದುರು ಹೇಳಬಾರದೆಂದು ಸುಮ್ಮನಾದೆ" ಎಂದರು. ಈ ಮಾತು ನಮ್ಮನ್ನು ಇಂದಿಗೂ ಕಾಡುತ್ತಿದೆ. ನಮ್ಮ ಮನೆಗಳಲ್ಲಿ ಕಿರಿಯರು ಹಿರಿಯರ ಮಾತಿಗೆ ಬೆಲೆ ಕೊಡುತ್ತಾರೆ, ಅದು ಸಂತೋಷದ ಸಂಗತಿ. ಆದರೆ ಆ ಬೆಲೆಗೆ ತಕ್ಕ ಎಚ್ಚರ ಹಿರಿಯರಾದ ನಮ್ಮಲ್ಲಿಯೂ ಇರಬೇಕು. ಮಕ್ಕಳ ಪ್ರಾಣಕ್ಕೆ ಸಂಬಂಧಿಸಿದ ವಿಷಯದಲ್ಲಿ "ಇನ್ನೊಮ್ಮೆ ನೋಡೋಣ" ಎಂದು ಕಿರಿಯರು ಹೇಳುವುದು ಅವಿಧೇಯತೆಯಲ್ಲ.

ಆ ದಿನ ದೂರದಲ್ಲಿ ಕುರ್ಚಿ ಹಾಕಿಕೊಂಡು ಎಲ್ಲವನ್ನೂ ನೋಡುತ್ತಿದ್ದ ಮೊಮ್ಮಗಳಿಗೆ ಒಂದು ಪುಟ್ಟ ಪುಸ್ತಕ ಕೊಟ್ಟು, ದಿನಾಂಕವನ್ನೂ ಮೈಲಿಯನ್ನೂ ಬರೆದಿಡಲು ಹೇಳಿದೆವು. ಕಳೆದ ಬಾರಿ ದೂರವಾಣಿಯಲ್ಲಿ ಮಾತನಾಡಿದಾಗ ಅವಳು, "ಅಜ್ಜಾ, ಅಪ್ಪ ಮತ್ತೆ ಬ್ರೇಕು ಸರಿಮಾಡಿದರು, ನಾನು ಬರೆದಿದ್ದೇನೆ" ಎಂದಳು. ಹೊರನಾಡಿನಲ್ಲಿ ಇಂಥ ಬಂಡಿಯನ್ನು ಎಳೆಯುವ ಮಕ್ಕಳಿರುವ ಓದುಗರು ಈ ಪುಟವನ್ನು ಅವರಿಗೆ ಕಳುಹಿಸಿಕೊಟ್ಟರೆ ನಮ್ಮ ಶ್ರಮ ಸಾರ್ಥಕ. ಮುಂದಿನ ತಿಂಗಳು ಎಂದಿನಂತೆ ಮನೆಯಂಗಳಕ್ಕೆ ಮರಳಿ, ಬಾವಿಯ ಪಂಪಿನ ಬಗ್ಗೆ ಮಾತನಾಡೋಣ.